ಇಪ್ಪತ್ತೈದು ಕುದುರೆ, ಒಂದು ಹಗ್ಗ

೯ ಜುಲೈ ೧೯೬೨, ಸೋಮವಾರ

ಮೈಸೂರು ಸೀಮೆಯಲ್ಲಿ ಎಲ್ಲರಿಗಿಂತ ಮೊದಲು ಮೋಟಾರ್ ಸೈಕಲ್ ಓಡಿಸಿದವನು ನಾನು, ಕೃಷ್ಣಮೂರ್ತಿಪುರಂನ ಹುಚ್ಚಣ್ಣ. ದೊರೆಗಳು, ದಿವಾನರು, ಬಿಳಿಯ ಸಾಹೇಬರು ಎಲ್ಲ ನನ್ನನ್ನು ನೋಡಿ ಕಲಿತವರು. ಸರ್ಕಾರದ ಯಾವ ಕಾಗದದಲ್ಲೂ ಇದು ಇಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಈ ಡೈರಿ ಕೊಟ್ಟವನು ನನ್ನ ಹೆಂಡತಿ ಬಸಮ್ಮನ ತಮ್ಮ ಚೆಲುವರಾಜು. ಯಾದವಗಿರಿಯ ಹೊಸ ಮೋಟಾರ್ ಸೈಕಲ್ ಕಾರ್ಖಾನೆಯಲ್ಲಿ ಫಿಟ್ಟರ್. "ದಿನಾ ಎಷ್ಟು ಮೈಲಿ ಓಡ್ತು, ಎಷ್ಟು ಪೆಟ್ರೋಲು ಕುಡೀತು ಅಂತ ಬರೀರಿ ಭಾವ" ಎಂದ. ಇದಕ್ಕೆಲ್ಲ ಮೂಲ ಅವನೇ. ಹೋದ ತಿಂಗಳು ಹೊಸ ಗಾಡಿಯನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿ, "ಹನ್ನೆರಡು ಕುದುರೆ ಶಕ್ತಿ ಭಾವ" ಎಂದುಬಿಟ್ಟ. ಅಗ್ರಹಾರದ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಜಟಕಾ ಹೊಡೆದವನು ನಾನು. ನನ್ನ ಕಣ್ಣೆದುರು ಮೀಸೆ ಬಂದವನು ನನಗೆ ಕುದುರೆ ಲೆಕ್ಕ ಹೇಳುತ್ತಾನೆ! "ಹನ್ನೆರಡಾ? ನಾನು ಇಪ್ಪತ್ತೈದಕ್ಕೆ ಕಮ್ಮಿ ಇದ್ರೆ ಕಾಲೇ ಎತ್ತಾಕಿಲ್ಲ ಕಣ್ಲಾ" ಎಂದೆ. ಬೀದಿಯವರೆಲ್ಲ ಕೇಳಿಸಿಕೊಂಡರು. ಅಂದ ಮೇಲೆ ಮಾಡಲೇಬೇಕಲ್ಲ.

ಇವತ್ತು ನನ್ನದು ಬಂತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಟ್ಯಾಂಕಿನ ಮೇಲಿನ ಹೆಸರು ಅಳಿಸಿಹೋಗಿದೆ. ಮಾರಿದ ದಲ್ಲಾಳಿ, "ಇಪ್ಪತ್ತೈದು ಕುದುರೆ ಸ್ವಾಮಿ, ಒಂದು ಕಮ್ಮಿ ಇದ್ರೆ ನನ್ನ ಕೇಳಿ" ಎಂದ. ಎಣಿಸಿ ನೋಡುವುದು ಹೇಗೆ? ನಂಬಿದೆ.

ನನ್ನ ಕುದುರೆ ಚಂದ್ರಿಯನ್ನೂ ಜಟಕಾವನ್ನೂ ನಿನ್ನೆಯೇ ಲಿಂಗಯ್ಯನಿಗೆ ಕೊಟ್ಟಾಯಿತು. ಅವನೂ ನಮ್ಮ ಸ್ಟ್ಯಾಂಡಿನವನೇ. ಅವನ ಕುದುರೆ ಸಂಕ್ರಾಂತಿಯಲ್ಲಿ ಸತ್ತಿತ್ತು. ಚಂದ್ರಿಗೆ ಹದಿನಾಲ್ಕು ವರ್ಷ, ಹಣೆಯಲ್ಲಿ ಅರ್ಧಚಂದ್ರನ ಹಾಗೆ ಬಿಳಿ ಮಚ್ಚೆ. ಹೊರಡುವಾಗ ಬಸಮ್ಮ ಅದರ ಕೊರಳ ಹಗ್ಗ ಬಿಚ್ಚಿಕೊಂಡು ಒಳಗೆ ಮೊಳೆಗೆ ನೇತುಹಾಕಿದಳು. ಪ್ರಾಣಿ ಮಾರಿದರೂ ಹಗ್ಗ ಮಾರಬಾರದು, ಹಗ್ಗದ ಹಿಂದೆ ಮನೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎನ್ನುವುದು ನಮ್ಮ ಕಡೆಯ ಪದ್ಧತಿ. ಕೊಂಡವನು ತನ್ನ ಹಗ್ಗ ತರಬೇಕು. ಲಿಂಗಯ್ಯ ಹೊಸದು ತಂದಿದ್ದ.

ಮಾರಿದ್ದೆಷ್ಟು, ಕೊಂಡದ್ದೆಷ್ಟು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಲಾಭ ಎಂದಿಟ್ಟುಕೊಳ್ಳೋಣ.

ಓಟ: ದಲ್ಲಾಳಿಯ ಮನೆಯಿಂದ ನಮ್ಮ ಮನೆಗೆ ಒಂದೂವರೆ ಮೈಲಿ. ತಳ್ಳಿಕೊಂಡು.

೧೧ ಜುಲೈ, ಬುಧವಾರ

ಬನ್ನಿಮಂಟಪದ ಮೈದಾನದಲ್ಲಿ ಚೆಲುವರಾಜು ಓಡಿಸುವುದನ್ನು ಕಲಿಸಿದ. ಕಲಿಸಿದ ಅನ್ನುವುದು ಹೆಚ್ಚಾಯಿತು, ಜೊತೆಗಿದ್ದ.

ಗಾಡಿ ಚೆನ್ನಾಗಿಯೇ ಹೊರಟಿತು. ಎದುರಿಗೆ ಒಂದು ಎಮ್ಮೆ ಬಂತು. ಇಪ್ಪತ್ತಾರು ವರ್ಷ ಏನು ಮಾಡಿದ್ದೆನೋ ಕೈ ಅದನ್ನೇ ಮಾಡಿತು. "ಹೋ... ಹೋ..." ಎಂದು ಲಗಾಮು ಎಳೆದ ಹಾಗೆ ಹ್ಯಾಂಡಲ್ಲನ್ನು ಎದೆಗೆ ಎಳೆದುಕೊಂಡೆ. ಬಲಗೈಯ ಹಿಡಿಯನ್ನು ಹಿಂದಕ್ಕೆ ತಿರುಚಿದರೆ ಗಾಡಿ ಇನ್ನೂ ಜೋರಾಗಿ ಓಡುತ್ತದೆ ಎನ್ನುವುದು ನನಗೆ ಗೊತ್ತಿತ್ತು, ನನ್ನ ಕೈಗೆ ಗೊತ್ತಿರಲಿಲ್ಲ. ಎಳೆದಷ್ಟೂ ಓಡಿತು. ಓಡಿದಷ್ಟೂ ಎಳೆದೆ. ಎಮ್ಮೆ ಬುದ್ಧಿವಂತ ಪ್ರಾಣಿ, ಪಕ್ಕಕ್ಕೆ ಸರಿಯಿತು. ಬೇಲಿ ಸರಿಯಲಿಲ್ಲ.

ಚೆಲುವರಾಜು ಓಡಿ ಬಂದು ಮುಳ್ಳು ಕೀಳುತ್ತ, "ಭಾವ, ಇದುಕ್ಕೆ ಕಿವಿ ಇಲ್ಲ. ಹೋ ಅಂದ್ರೆ ನಿಲ್ಲಾಕಿಲ್ಲ, ಬ್ರೇಕು ತುಳೀಬೇಕು" ಎಂದ.

"ಕಿವಿ ಇಲ್ದಿರೋ ಇಪ್ಪತ್ತೈದು ಕುದುರೆ ಕಟ್ಕಂಡು ಏನ್ಲಾ ಮಾಡ್ಲಿ?" ಎಂದೆ. ನೋವಿನಲ್ಲಿ ಬಂದ ಮಾತು, ಮನಸ್ಸಿನದಲ್ಲ.

ಎಮ್ಮೆಯನ್ನು ಹಾರಿಸಿಕೊಂಡು ಹೋದೆ ಎಂದು ಬಸಮ್ಮನಿಗೆ ಹೇಳಿದೆ. "ಅದುಕ್ಕೇ ಬೆನ್ನಲ್ಲಿ ಮುಳ್ಳು ಅವೆ" ಎಂದಳು.

೧೬ ಜುಲೈ, ಸೋಮವಾರ

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಚಂದ್ರಿ ನಮ್ಮ ಬೀದಿಗೆ ತಿರುಗಿ, ಬಾಗಿಲ ಮುಂದೆ ಬಂದು ನಿಂತಳು. ಹಿಂದೆ ಜಟಕಾ, ಅದರೊಳಗೆ ಹೆಣ್ಣುಮಕ್ಕಳ ಶಾಲೆಯ ಇಂದ್ರಮ್ಮ ಟೀಚರು, ಮುಂದೆ ಬೆವರುತ್ತಿದ್ದ ಲಿಂಗಯ್ಯ. ಬುಧವಾರದಿಂದ ಇದು ನಾಲ್ಕನೇ ಸಲವಂತೆ. ನಾನು ಗಾಡಿ ಕಲಿಯಲು ಹೋಗಿದ್ದಾಗಲೆಲ್ಲ ಬಂದಿದ್ದಾಳೆ.

"ಅಣ್ಣೋ, ನಿಮ್ಮ ಕುದುರೆಗೆ ಏನ್ ಕಲಿಸಿದ್ದೀರಿ? ಟೀಚರಮ್ಮನ್ನ ಚಾಮರಾಜಪುರಂಗೆ ಬುಡ್ಬೇಕು, ಇದು ಇಲ್ಲಿ ತಂದು ಬುಡ್ತದೆ."

"ಈಗ ನಿನ್ನ ಕುದುರೆ ಕಣಯ್ಯ."

"ನಂದು ಅಂತ ನಂಗೆ ಗೊತ್ತು. ಅದುಕ್ಕೆ ಗೊತ್ತಿಲ್ವಲ್ಲ!"

ಇಂದ್ರಮ್ಮ ಟೀಚರು ಕೊಡೆಯಿಂದ ಪರದೆ ಸರಿಸಿ ನೋಡಿದರು. "ಹುಚ್ಚಣ್ಣ, ಹನ್ನೆರಡು ಅದರ ಊಟದ ಹೊತ್ತು. ನನ್ನದೂ ಅದೇ ಹೊತ್ತು. ಇಬ್ಬರಲ್ಲಿ ಒಬ್ಬರನ್ನಾದರೂ ಸರಿಯಾದ ಮನೆಗೆ ಮುಟ್ಟಿಸಿ."

ನಾನೇ ಇಳಿದು ಹೋಗಿ ಮುಖ ಹಿಡಿದು ತಿರುಗಿಸಬೇಕಾಯಿತು. ನನ್ನ ಅಂಗಿಯ ಜೇಬು ಮೂಸಿದಳು. ಅಲ್ಲಿ ಬೆಲ್ಲ ಇರಲಿಲ್ಲ, ಪೆಟ್ರೋಲಿನ ರಸೀತಿ ಇತ್ತು. ಒಮ್ಮೆ ಸೀನಿದಳು.

ಇನ್ನೊಂದು ಮಾತು. ಮನೆಯಲ್ಲಿ ಕುದುರೆ ಇಲ್ಲ, ಹುರುಳಿ ಮಾತ್ರ ದಿನವೂ ನೆನೆಯುತ್ತಿದೆ. ಯಾಕೆ ಎಂದರೆ, "ಸಾರಿಗೆ" ಎಂದಳು ಬಸಮ್ಮ. ಈ ವಾರ ಐದು ದಿನ ಹುರುಳಿ ಸಾರು ಉಂಡಿದ್ದೇನೆ. ಇಷ್ಟರಲ್ಲೇ ನಾನು ಕೆನೆಯಬಹುದು.

೨೧ ಜುಲೈ, ಶನಿವಾರ

ಹಳೆಯ ಹೂವಿನ ಬಾಡಿಗೆಯನ್ನೇ ಹೊಸ ಗಾಡಿಯಲ್ಲಿ ಹಿಡಿದೆ. ತೋಟದ ಮಲ್ಲಿಗೆ ಮೊಗ್ಗು ಬಿರಿಯುವ ಮೊದಲೇ ಮಾರ್ಕೆಟ್ಟು ಸೇರಬೇಕು. "ಜಟಕಾಕ್ಕೆ ಒಂದು ಗಂಟೆಯ ದಾರಿ ನನಗೆ ಹತ್ತು ನಿಮಿಷ" ಎಂದು ಹೂವಿನ ಸಾಹುಕಾರರಿಗೆ ಮಾತು ಕೊಟ್ಟೆ. ಹತ್ತೇ ನಿಮಿಷ ಹಿಡಿಯಿತು, ಸುಳ್ಳಲ್ಲ. ಎರಡು ಬುಟ್ಟಿಗಳನ್ನು ಗಾಡಿಯ ಹಿಂದೆ ಹೊಗೆಕೊಳವೆಯ ಮೇಲೆ ಬರುವಂತೆ ಕಟ್ಟಿದ್ದೆ. ಮಾರ್ಕೆಟ್ಟಿನಲ್ಲಿ ಒದ್ದೆ ಬಟ್ಟೆ ಸರಿಸಿದರೆ, ಕೊಳವೆಯ ಕಾವಿಗೆ ಮೇಲಿನ ಮೊಗ್ಗೆಲ್ಲ ಅರಳಿ ಕೂತಿದ್ದವು. ಅಡಿಯವು ಬೆಂದು ಕಂದಿದ್ದವು.

"ಏನಯ್ಯಾ ಹುಚ್ಚಣ್ಣ, ಮೊಗ್ಗು ತತ್ತಾ ಅಂದ್ರೆ ಪಲ್ಯ ಮಾಡ್ಕಂಡು ಬಂದಿದ್ದೀಯಲ್ಲ" ಎಂದರು ಸಾಹುಕಾರರು. ಬುಟ್ಟಿಯ ಬೆಲೆ ನಾನೇ ತೆತ್ತೆ.

ನಮ್ಮ ಬೀದಿಯ ಹೆಂಗಸರೆಲ್ಲ ಇವತ್ತು ಪುಕ್ಕಟೆ ಮಲ್ಲಿಗೆ ಮುಡಿದರು. ಚಂದ್ರಿ ಹೊತ್ತು ತಂದ ಮೊಗ್ಗು ಮಾತ್ರ ಒಂದು ದಿನವೂ ದಾರಿಯಲ್ಲಿ ಬಾಯಿ ಬಿಟ್ಟದ್ದಿಲ್ಲ.

೨೭ ಜುಲೈ, ಶುಕ್ರವಾರ

ಆಷಾಢದ ಕೊನೆಯ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಎಲ್ಲರೂ ಹೊರಟೆವು. ಬಸಮ್ಮನಿಗೆ ಹಿಂದೆ ಕೂರು ಎಂದೆ. "ಕಿವಿ ಇಲ್ದಿರೋದ್ರ ಮೇಲೆ ನಾನು ಕೂರಾಕಿಲ್ಲ" ಎಂದು, ಬರಿಗಾಲಲ್ಲಿ ಮೆಟ್ಟಿಲ ಕಡೆ ನಡೆದೇಬಿಟ್ಟಳು. ನನ್ನ ಮಾತನ್ನು ಅವಳಿಗೆ ಮುಟ್ಟಿಸಿದವನು ಚೆಲುವರಾಜುವೇ ಇರಬೇಕು.

ಅವನು ತನ್ನ ಹೆಂಡತಿ ಪ್ರೇಮಮ್ಮನನ್ನು ಹಿಂದೆ ಕೂರಿಸಿಕೊಂಡು ಹನ್ನೆರಡು ಕುದುರೆಯಲ್ಲಿ ಡುಗುಡುಗು ಎಂದು ಹೊರಟ. ನಾನು ತಿರುವಿನಲ್ಲಿ ಅವನನ್ನು ಹಿಂದೆ ಹಾಕಿದ ವೇಗಕ್ಕೆ ಪ್ರೇಮಮ್ಮನ ಸೆರಗು ಹಾರಿತು. ಅಂಥ ವೇಗ ಈ ಬೆಟ್ಟ ಕಂಡಿಲ್ಲ. ನಂದಿಯ ಹತ್ತಿರ ಬರುವಷ್ಟರಲ್ಲಿ ಗಾಡಿ ಕೆಮ್ಮಿತು, ಬಿಸಿ ಎಣ್ಣೆ ಉಗುಳಿತು, ನಿಂತಿತು. ಚೆಲುವರಾಜು ಕೈ ಬೀಸುತ್ತ ಅದೇ ಡುಗುಡುಗು ಸದ್ದಿನಲ್ಲಿ ಮೇಲೆ ಹೋದ.

ನಂದಿಯ ನೆರಳಲ್ಲಿ ಕೂತಿದ್ದೆ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವಳು ಬಸಮ್ಮ! ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿಕೊಂಡು ಬಂದು, ಗಾಡಿಯನ್ನು ನೋಡಿ, ಅದಕ್ಕೂ ಒಂದು ಬೊಟ್ಟು ಇಟ್ಟಳು.

"ಇದು ಯಾಕಮ್ಮಿ?"

"ಇದೂ ಮೆಟ್ಟಿಲ ಅಂಗೇ ಬಿದ್ದದಲ್ಲ" ಎಂದು ಮೇಲೆ ಹತ್ತಿಹೋದಳು.

ಇಳಿದು ಬರುವಾಗ ಚೆಲುವರಾಜು ಗಾಡಿ ನಿಲ್ಲಿಸಿ ನನ್ನ ಪಕ್ಕ ಕೂತು ಮೆತ್ತಗೆ ಕೇಳಿದ: "ಭಾವ, ಮೈಸೂರಲ್ಲಿ ಇಪ್ಪತ್ತೈದು ಕುದುರೆ ಎಲ್ಲಿ ಓಡಿಸ್ತೀರಿ? ಸಯ್ಯಾಜಿರಾವ್ ರಸ್ತೇಲಿ ದನ ಅಡ್ಡ ಮಲಗಿದ್ರೆ ನಂದೂ ನಿಲ್ಬೇಕು, ನಿಮ್ದೂ ನಿಲ್ಬೇಕು. ಮನುಷ್ಯನ ಕೆಲಸಕ್ಕೆ ಆರು ಕುದುರೆ ಇದ್ರೂ ಮಿಕ್ಕೋಯ್ತದೆ."

"ಬಡವರ ಮಾತು ಕಣ್ಲಾ ಅದು" ಎಂದೆ.

ಓಟ: ಮೇಲಕ್ಕೆ ಅರ್ಧ ಬೆಟ್ಟ. ಕೆಳಕ್ಕೆ ಅರ್ಧ ಬೆಟ್ಟ, ಇಳಿಜಾರಿನ ಕೃಪೆ.

೧೫ ಆಗಸ್ಟ್, ಬುಧವಾರ

ಬೆಳಿಗ್ಗೆ ಶಾಲೆಯ ಮಕ್ಕಳು ಬಾವುಟ ಹಿಡಿದು ಹೋದರು. ಗಾಡಿಗೂ ಒಂದು ಬಾವುಟ ಕಟ್ಟಿದೆ. ಸ್ಟಾರ್ಟ್ ಆಗಲಿಲ್ಲ. ಬಾವುಟದ ಪಕ್ಕದಲ್ಲೇ ಕೂತೆ.

ನಲವತ್ತೇಳರಲ್ಲಿ ಇದೇ ದಿನ ನನ್ನ ಜಟಕಾದ ಚಕ್ರದ ಕಡ್ಡಿಗಳಿಗೆ ಮೂರು ಬಣ್ಣದ ಕಾಗದ ಸುತ್ತಿದ್ದೆ. ಚಂದ್ರಿ ಆಗ ಹುಟ್ಟಿರಲಿಲ್ಲ. ಅವಳ ತಾಯಿ ಕೆಂಚಿ ಎಳೆಯುತ್ತಿದ್ದಳು. ಯಾರು ಹತ್ತಿದರೂ ಪುಕ್ಕಟೆ ಎಂದು ಕೂಗಿಬಿಟ್ಟೆ. ಅಂದು ನಾನು ಸಾವಿರ ಜನರನ್ನು ಸುತ್ತಿಸಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಅರವತ್ತು ಜನ ಇದ್ದಿರಬಹುದು. ಒಬ್ಬ ಮುದುಕ ಇಳಿಯಲೇ ಇಲ್ಲ. "ಇವತ್ತು ಎಲ್ಲೂ ಓಗ್ಬೇಕಾಗಿಲ್ಲ ಕಣಪ್ಪ, ಸುಮ್ನೆ ಸುತ್ಸು" ಎಂದ. ಸಂಜೆಯವರೆಗೂ ಸುತ್ತಿಸಿದೆ. ದಾರಿಯಲ್ಲಿ ಯಾರು ಯಾರೋ ಕೆಂಚಿಯ ಬಾಯಿಗೆ ಬೂಂದಿ ಹಾಕಿದರು. ಮನೆಗೆ ಬಂದಾಗ ಅವಳ ಮೀಸೆಯಲ್ಲೂ ಸಕ್ಕರೆ ಅಂಟಿತ್ತು.

ಮುಂದಿನ ವರ್ಷ ಚಂದ್ರಿ ಹುಟ್ಟಿದಳು. ನಮ್ಮ ಅವ್ವ ಕೆಂಚಿಗಾಗಿ ಹೊಸೆದ ಹಗ್ಗವೇ ಆಮೇಲೆ ಚಂದ್ರಿಯ ಕೊರಳಿಗೆ ಬಂತು. ನಮ್ಮ ಒಬ್ಬಳೇ ಮಗಳು ಗಂಡನ ಮನೆಗೆ ನಂಜನಗೂಡಿಗೆ ಹೊರಟಾಗ ರೈಲು ನಿಲ್ದಾಣದವರೆಗೆ ಎಳೆದವಳು ಚಂದ್ರಿ. ತಿರುಗಿ ಬರುವಾಗ ನಾನು ಲಗಾಮು ಮುಟ್ಟಲಿಲ್ಲ. ಚಂದ್ರಿ ತಾನಾಗಿ ಮನೆಗೆ ತಂದು ಬಿಟ್ಟಳು.

ಐವತ್ತೇಳರಲ್ಲಿ ಪ್ರೇಮಮ್ಮನಿಗೆ ಹೆರಿಗೆ ನೋವು. ಚೆಲುವರಾಜು ಜಟಕಾದಲ್ಲಿ ಕೂತು, "ಜೋರಾಗಿ ಹೊಡೀರಿ ಭಾವ, ಜೋರಾಗಿ!" ಎಂದು ಅಳುತ್ತಿದ್ದ. ನಾನು ಚಾವಟಿ ಎತ್ತಿದೆ. ಚಂದ್ರಿ ಓಡಲಿಲ್ಲ. ತುಂಬಿದ ಕೊಡ ಹೊತ್ತವಳ ಹಾಗೆ, ಹಳ್ಳ ನೋಡಿ, ಕಲ್ಲು ನೋಡಿ ಹೆಜ್ಜೆ ಇಟ್ಟಳು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷಕ್ಕೆ ಮಗು. ಜಟಕಾ ಇನ್ನೊಂದು ಸಲ ಎತ್ತಿ ಹಾಕಿದ್ದರೆ ದಾರಿಯಲ್ಲೇ ಆಗುತ್ತಿತ್ತು ಎಂದು ನರ್ಸಮ್ಮ ಬೈದರು. ಅಂದು ಎಷ್ಟು ಕುದುರೆ ಶಕ್ತಿ ಬಳಸಿದೆವು ಎಂದು ಚೆಲುವರಾಜುವನ್ನು ಒಮ್ಮೆ ಕೇಳಬೇಕು.

ಮೈಲಿ ಬರೆಯುವ ಪುಸ್ತಕದಲ್ಲಿ ಇದೆಲ್ಲ ಯಾಕೆ ಬರೆದೆನೋ. ಓಟ: ಸೊನ್ನೆ.

೨೩ ಆಗಸ್ಟ್

ಪ್ಲಗ್ಗು ಹೋಯಿತು.

೨೫ ಆಗಸ್ಟ್

ಮಳೆ. ಎಪ್ಪತ್ತೊಂದು ಸಲ ಒದ್ದೆ. ಎಪ್ಪತ್ತೆರಡನೆಯದಕ್ಕೆ ಅದೇ ನನ್ನನ್ನು ಒದೆಯಿತು. ಕಾಲು ಊದಿದೆ.

೩೦ ಆಗಸ್ಟ್

ಮೆಕ್ಯಾನಿಕ್ ಮಹದೇವು ಬಿಚ್ಚಿ ನೋಡಿ, "ಇದ್ರಲ್ಲಿ ಇಪ್ಪತ್ತೈದು ಎಲ್ಲೈತೆ ಹುಚ್ಚಣ್ಣ ಮಾವ? ಹೊಸದರಲ್ಲೇ ಹದಿಮೂರು ಇದ್ದದ್ದು. ಈಗ ಎಂಟು ಉಳಿದಿದ್ರೆ ನಿಮ್ಮ ಪುಣ್ಯ" ಎಂದ. ಈ ವಿಷಯ ಚೆಲುವರಾಜುವಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡೆ. ಉಳಿದ ಹದಿನೇಳು ಎಲ್ಲಿ ಓಡಿಹೋದವೋ.

೬ ಸೆಪ್ಟೆಂಬರ್, ಗುರುವಾರ

ಗಾಡಿ ಮಹದೇವು ಹತ್ತಿರ ಇದೆ. ನಡೆದುಕೊಂಡು ಹನ್ನೆರಡಕ್ಕೆ ಮನೆಯ ಕಡೆ ಬಂದೆ. ಬೀದಿಯ ತುದಿಯ ಹುಣಸೆಮರದ ಹತ್ತಿರ ಕಾಲು ತಾನಾಗಿ ನಿಂತಿತು.

ಬಾಗಿಲಲ್ಲಿ ಚಂದ್ರಿ. ಬಸಮ್ಮ ಬೋಗುಣಿ ಎತ್ತಿ ಹಿಡಿದಿದ್ದಾಳೆ. ನೆನೆದ ಹುರುಳಿ! ನಾನು ತಿಂದ ಸಾರೆಲ್ಲ ನೆವ. ಜಟಕಾದಲ್ಲಿ ಇಂದ್ರಮ್ಮ ಟೀಚರು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತಿದ್ದಾರೆ, ಇದೆಲ್ಲ ಅಭ್ಯಾಸವಾದವರ ಹಾಗೆ. ಲಿಂಗಯ್ಯ ಜಗುಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಗೊಣಗುತ್ತಿದ್ದಾನೆ.

ಹೋಗಿ ಬೈಯಬೇಕು ಎಂದುಕೊಂಡೆ. ಹೋಗಲಿಲ್ಲ, ಮರದ ಹಿಂದೆ ನಿಂತೆ. ಬೇರೆ ಏನೂ ಅಲ್ಲ, ಜಟಕಾದ ಪಟ್ಟಿ ಸರಿಯಾಗಿ ಕಟ್ಟಿದ್ದಾನೋ ಇಲ್ಲವೋ ನೋಡೋಣ ಎಂದು. ಸರಿಯಾಗಿ ಕಟ್ಟಿಲ್ಲ. ಎಡ ಹೆಗಲು ಉಜ್ಜಿ ಕೆಂಪಾಗಿದೆ. ಬಸಮ್ಮ ಅದಕ್ಕೆ ಅರಿಸಿನ ಹಚ್ಚಿದ್ದಾಳೆ.

ಸಂಜೆ ಲಿಂಗಯ್ಯನನ್ನು ಸ್ಟ್ಯಾಂಡಿನಲ್ಲಿ ಕಂಡು, "ಪಟ್ಟಿಗೆ ಎರಡು ಬೆರಳು ಸಡಿಲ ಬುಡು, ಕಂಬಳಿ ತುಂಡು ಹಾಕು" ಎಂದೆ. "ಕುದುರೆ ನಂದು ಅಂದ್ರಲ್ಲ ಅಣ್ಣೋ" ಎಂದ. "ಕುದುರೆ ನಿಂದೇ. ನಾನು ಹೆಗಲ ಮಾತು ಹೇಳ್ದೆ" ಎಂದೆ.

ಬಸಮ್ಮನಿಗೆ ನಾನು ನೋಡಿದ್ದು ಗೊತ್ತಿಲ್ಲ. ರಾತ್ರಿ ಹುರುಳಿ ಸಾರು. ಎರಡು ಸಲ ಹಾಕಿಸಿಕೊಂಡೆ.

೨೦ ಸೆಪ್ಟೆಂಬರ್, ಗುರುವಾರ

ಲಿಂಗಯ್ಯ ಇವತ್ತು ಬಾಡಿಗೆ ಬಿಟ್ಟು ಮನೆಗೇ ಬಂದ. ಜಗುಲಿಯ ಮೇಲೆ ಕೂರಲಿಲ್ಲ.

"ಅಕ್ಕಾ, ಆ ಹಗ್ಗ ಕೊಟ್ಬುಡಿ. ಅದು ಇಲ್ಲಿ ನೇತಾಡ್ತಿರಾಗಂಟ ಕುದುರೆ ಜೀವ ಇಲ್ಲೇ ಇರ್ತದೆ. ದಿನಾ ಮಧ್ಯಾನ ಎರಡು ಬಾಡಿಗೆ ಓಯ್ತಾ ಅವೆ. ಮನೇಲಿ ನಾಲ್ಕು ಮಕ್ಳು ಅವೆ ನಂಗೆ."

"ಹಗ್ಗ ಕೊಡಾಕಿಲ್ಲ ಕಣ್ ಲಿಂಗಯ್ಯ. ನಮ್ಮತ್ತೆ ಹೊಸೆದಿದ್ದು."

"ಅಂಗಾದ್ರೆ ನನ್ನ ಬೈಬೇಡಿ. ಬನ್ನೂರು ರಸ್ತೆ ಇಟ್ಟಿಗೆ ಗೂಡಿನ ಯಜಮಾನ ಕೇಳವ್ನೆ. ದಸರಾ ಬಾಡಿಗೆ ಮುಗೀಲಿ, ಅವನಿಗೆ ಕೊಟ್ಟು ಬೇರೆ ಕುದುರೆ ತತ್ತೀನಿ."

ಅವನದು ತಪ್ಪಿಲ್ಲ. ಆದರೆ ಗೂಡಿನ ಕುದುರೆಗಳನ್ನು ನಾನು ನೋಡಿದ್ದೇನೆ. ಹಸಿ ಇಟ್ಟಿಗೆಯ ಗಾಡಿ, ಕೆಸರು, ಹೊಗೆ. ಎರಡು ವರ್ಷ ಬಾಳಿದ್ದು ಒಂದೂ ಇಲ್ಲ. ಚಂದ್ರಿ ಈ ವಯಸ್ಸಿನಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ.

"ನಿನ್ನ ಕುದುರೆ, ನಿನ್ನಿಷ್ಟ" ಎಂದೆ ದೊಡ್ಡ ಗಂಟಲಲ್ಲಿ. ಅವನು ಹೋದ ಮೇಲೆ ಬಸಮ್ಮ ಹಗ್ಗವನ್ನು ಮೊಳೆಯಿಂದ ತೆಗೆದು ಹರಳೆಣ್ಣೆ ಸವರುತ್ತ ಕೂತಳು.

"ಕಟ್ಟಾಕೆ ಏನೂ ಇಲ್ಲ, ಎಣ್ಣೆ ಯಾಕೆ?"

"ಒಣಗುದ್ರೆ ಬಿರುಸಾಯ್ತದೆ" ಎಂದಳು. ಹಗ್ಗಕ್ಕೋ ನನಗೋ ಗೊತ್ತಾಗಲಿಲ್ಲ.

೭ ಅಕ್ಟೋಬರ್, ಭಾನುವಾರ

ಆಯುಧಪೂಜೆ. ಗಾಡಿ ತೊಳೆದೆ, ವಿಭೂತಿ ಬಳಿದೆ, ಚಕ್ರದಡಿ ನಿಂಬೆಹಣ್ಣು ಇಟ್ಟೆ. ಬಸಮ್ಮ ರೇಷ್ಮೆ ಸೀರೆ ಉಟ್ಟು, ಕಿವಿಗೆ ಬುಗುಡಿ ಇಟ್ಟಿದ್ದಳು. ತವರಿನವರು ಕೊಟ್ಟ ಬುಗುಡಿ, ಅಂಥದ್ದು ಅರಮನೆಯಲ್ಲೂ ಇಲ್ಲ. ಮಾರು ಉದ್ದದ ಚೆಂಡುಹೂವಿನ ಹಾರ ಕಟ್ಟಿದ್ದಳು. ಹ್ಯಾಂಡಲ್ಲಿಗೆ ಹಾಕಲು ಹೋದರೆ, "ಅದು ಅಲ್ಲ, ಇದು" ಎಂದು ಸಣ್ಣದೊಂದು ಕೊಟ್ಟಳು.

ದೊಡ್ಡ ಹಾರ ಯಾರಿಗೆ ಎಂದು ನಾನು ಕೇಳಲಿಲ್ಲ. ಹನ್ನೆರಡು ಹೊಡೆಯಿತು.

ನಾನೂ ಅಂಗಿಯ ಜೇಬಿನಲ್ಲಿ ಬೆಲ್ಲ ಇಟ್ಟುಕೊಂಡಿದ್ದೆ. ಹಬ್ಬ ಅಲ್ಲವೇ, ಬೆಲ್ಲ ಇರುತ್ತದೆ.

೮ ಅಕ್ಟೋಬರ್, ಸೋಮವಾರ

ವಿಜಯದಶಮಿ. ಬನ್ನಿಮಂಟಪದ ಪಂಜಿನ ಕವಾಯತಿಗೆ ಬಸಮ್ಮನನ್ನು ಗಾಡಿಯಲ್ಲೇ ಕರೆದುಕೊಂಡು ಹೋಗುತ್ತೇನೆಂದು ಬೀದಿಗೆಲ್ಲ ಹೇಳಿದ್ದೆ. ಅವಳು ಒಪ್ಪಿದ್ದೇ ಆಶ್ಚರ್ಯ. "ಒಂದ್ಸಲ ಕೂತ್ಬುಡ್ತೀನಿ, ನಿಮ್ಮ ಆಸೆ ತೀರ್ಲಿ" ಎಂದು ಹಿಂದೆ ಕೂತು ನನ್ನ ಅಂಗಿ ಹಿಡಿದುಕೊಂಡಳು.

ಹೋದೆವು. ಕವಾಯತು ನೋಡಿದೆವು. ನಿಜವಾದ ಕುದುರೆಗಳು ಪಂಜಿನ ಬೆಳಕಲ್ಲಿ ಸಾಲಾಗಿ ಹೋದಾಗ ನಾನು ಯಾಕೋ ಗಾಡಿಯ ಕಡೆ ತಿರುಗಿ ನೋಡಲಿಲ್ಲ.

ಬರುವಾಗ ದಾರಿಯ ತುಂಬ ಜನ. ಹೆಜ್ಜೆ ಹೆಜ್ಜೆಯಾಗಿ ಸರಿಯಬೇಕು. ಅಷ್ಟು ಮೆಲ್ಲಗೆ ಹೋಗುವುದು ಗಾಡಿಗೆ ಬಾರದು. ಕಾದು, ಕುದಿದು, ಒಮ್ಮೆ ಮುಂದಕ್ಕೆ ನುಗ್ಗಿತು. ಎದುರಿಗೆ ಮಗುವನ್ನು ಹೆಗಲ ಮೇಲೆ ಹೊತ್ತ ಒಬ್ಬಾತ. ಬ್ರೇಕು ತುಳಿದೆ, ಬಾಯಲ್ಲಿ "ಹೋ... ಹೋ..." ಎಂದೂ ಕೂಗಿಬಿಟ್ಟೆ. ಗಾಡಿ ಸತ್ತು ನಿಂತಿತು.

ರಸ್ತೆಯ ಆ ಬದಿಯಲ್ಲಿ ಒಂದು ಜಟಕಾವೂ ಗಕ್ಕನೆ ನಿಂತಿತು. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಬೈಯತೊಡಗಿದರು. ಅಷ್ಟು ಜನ, ಅಷ್ಟು ಗದ್ದಲ, ಬ್ಯಾಂಡು. ಅದರ ನಡುವೆ ಚಂದ್ರಿ ನನ್ನ ದನಿ ಕೇಳಿ ನಿಂತಿದ್ದಳು. ಎರಡೂ ಕಿವಿ ನನ್ನ ಕಡೆಗೆ.

ಲಿಂಗಯ್ಯ ಎಷ್ಟು ಹೊಡೆದರೂ ಕದಲಲಿಲ್ಲ. ಬಾಡಿಗೆಯವರು ಇಳಿದು ನಡೆದುಬಿಟ್ಟರು. ಅವನು ಬಂದು ನನ್ನನ್ನು ನೋಡಿದ, ಗಾಡಿಯನ್ನು ನೋಡಿದ, ಬಸಮ್ಮನನ್ನು ನೋಡಿದ. "ಹತ್ತಿ ಅಕ್ಕ" ಎಂದ. ನನಗೆ, "ನಿಮ್ಮ ಇಪ್ಪತ್ತೈದನ್ನೂ ಹಿಂದೆ ಕಟ್ಟಿ ಅಣ್ಣೋ, ಹಬ್ಬದ ದಿನ ಬೀದೀಲಿ ಬುಡಾಕಾಯ್ತದಾ" ಎಂದ.

ಹುಲ್ಲಿನ ಹೊರೆ ಕಟ್ಟುವ ಹಗ್ಗದಲ್ಲಿ ಗಾಡಿಯನ್ನು ಜಟಕಾಕ್ಕೆ ಬಿಗಿದೆವು. ನಾನು ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದೆ. ಸ್ಟ್ಯಾಂಡಿನವರೆಲ್ಲ ನೋಡಿದರು. ಮಹದೇವು ನೋಡಿದ. ಚೆಲುವರಾಜು ನೋಡಿದ, ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಹತ್ತು ವರ್ಷ ಮುಂದೆ ಕೂತು ನಾನು ಚಂದ್ರಿಯ ಬೆನ್ನು, ಕಿವಿ ಮಾತ್ರ ನೋಡಿದ್ದೆ. ಇವತ್ತು ಹಿಂದಿನಿಂದ, ಚಕ್ರಗಳ ನಡುವೆ, ಅವಳು ಕಾಲು ಎತ್ತಿ ಇಡುವುದನ್ನು ನೋಡಿದೆ. ಹಳ್ಳ ನೋಡಿ, ಕಲ್ಲು ನೋಡಿ. ಹಿಂದೆ ಬರುವ ಗಾಡಿಯನ್ನೂ ಒಂದು ಸಲವೂ ಕುಲುಕದ ಹಾಗೆ.

ಮನೆಯ ಮುಂದೆ ಯಾರೂ ಹೇಳದೆ ನಿಂತಳು. ಲಿಂಗಯ್ಯ ಇಳಿದು ನೆಲ ನೋಡಿಕೊಂಡು, "ನಾಡಿದ್ದು ಗೂಡಿನೋರು ಬತ್ತಾರೆ" ಎಂದ.

೯ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆಯೇ ಗಾಡಿಯನ್ನು ಮಹದೇವುಗೆ ಮಾರಿದೆ. ಬಿಡಿಭಾಗಕ್ಕೆ ಎಂದು ಕೊಂಡ. ವ್ಯಾಪಾರದ ದೃಷ್ಟಿಯಿಂದ ಇದೇ ಸರಿ: ದಸರಾ ಆದ ಮೇಲೆ ಮದುವೆ ಬಾಡಿಗೆ ಬರುತ್ತವೆ, ಜಟಕಾದವನಿಗೆ ಒಳ್ಳೆಯ ಕಾಲ. ಬೇರೆ ಕಾರಣ ಏನೂ ಇಲ್ಲ.

ಆ ಹಣ ಹಿಡಿದು ಲಿಂಗಯ್ಯನ ಮನೆಗೆ ಹೋದೆ. ಕುದುರೆ, ಜಟಕಾ ಎರಡೂ ಬೇಕು ಎಂದೆ. ಅವನು ಹೇಳಿದ ಬೆಲೆಗೆ ನನ್ನ ಕೈಯಲ್ಲಿದ್ದದ್ದು ಅರ್ಧಕ್ಕೂ ಕಡಿಮೆ.

"ಮಿಕ್ಕಿದ್ದು ಸಂಕ್ರಾಂತಿಗೆ. ನನ್ನ ಮಾತು ಅಂದ್ರೆ ಬ್ಯಾಂಕು ಇದ್ದಂಗೆ ಕಣಯ್ಯ."

"ನಿಮ್ಮ ಮಾತಿಗೆ ಬೇರೆ ಕುದುರೆ ಕೊಡ್ತಾರಾ ಅಣ್ಣೋ ನಂಗೆ? ಕೊಟ್ರೆ ಇವತ್ತೇ ತಗಂಡೋಗಿ." ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಹಿಂದೆ ನಾಲ್ಕು ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದವು. "ಇನ್ನೊಂದು. ದುಡ್ಡು ಪೂರಾ ತಂದ್ರೂ ನನ್ನ ಹಗ್ಗ ಕೊಡಾಕಿಲ್ಲ. ನನ್ನ ಮನೇಲೂ ಲಕ್ಷ್ಮಿ ಅವ್ಳೆ. ನಿಮ್ಮ ಹಗ್ಗ ಎಲ್ಲಿ?"

ಹಗ್ಗ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಅಷ್ಟರಲ್ಲಿ ಬಸಮ್ಮ ಬಂದಳು. ಹೆಗಲ ಮೇಲೆ ಎಣ್ಣೆ ಸವರಿದ ಹಗ್ಗ. ತಲೆ ತುಂಬ ಸೆರಗು ಹೊದ್ದಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ಮಿಕ್ಕ ಹಣವನ್ನು ಲಿಂಗಯ್ಯನ ಹೆಂಡತಿಯ ಕೈಗೆ ಕೊಟ್ಟಳು. "ಎಣಿಸ್ಕೊ ಅವ್ವ. ಇವರ ಲೆಕ್ಕ ನಂಬಬೇಡ" ಎಂದಳು.

ಲಿಂಗಯ್ಯ ತನ್ನ ಹಗ್ಗ ಬಿಚ್ಚಿಕೊಂಡ. ಬಸಮ್ಮ ನಮ್ಮದನ್ನು ಕಟ್ಟಿದಳು. ಆ ಎರಡರ ನಡುವೆ ಒಂದು ಗಳಿಗೆ ಚಂದ್ರಿಯ ಕೊರಳಲ್ಲಿ ಯಾವ ಹಗ್ಗವೂ ಇರಲಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ನನ್ನ ಜೇಬು ಮೂಸುತ್ತ ನಿಂತಿದ್ದಳು.

ಓಟ: ಲಿಂಗಯ್ಯನ ಮನೆಯಿಂದ ನಮ್ಮ ಮನೆಗೆ ಮುಕ್ಕಾಲು ಮೈಲಿ. ಮೂವರೂ ನಡೆದೇ ಬಂದೆವು. ಜಟಕಾ ಖಾಲಿ ಇತ್ತು, ಯಾರಿಗೂ ಹತ್ತಬೇಕು ಎನಿಸಲಿಲ್ಲ.

೧೧ ಅಕ್ಟೋಬರ್, ಗುರುವಾರ

ಇವತ್ತು ಇಂದ್ರಮ್ಮ ಟೀಚರು ಹತ್ತಿದರು. ಮೊದಲು ಅವರನ್ನು ಮನೆ ಮುಟ್ಟಿಸಿ, ಹನ್ನೆರಡೂ ಕಾಲಿಗೆ ನಾವು ಮನೆಗೆ ಬಂದೆವು. ಕಾಲು ಗಂಟೆ ತಡವಾದದ್ದಕ್ಕೆ ಚಂದ್ರಿ ಬೋಗುಣಿಯನ್ನು ಎರಡು ಸಲ ಮೂತಿಯಿಂದ ತಳ್ಳಿದಳು. ಹೆಗಲಿನ ಗಾಯ ಮಾಯುತ್ತಿದೆ. ಲಿಂಗಯ್ಯನೂ ಗೂಡಿನವರಿಗೆ ಬೇಡವೆಂದು ಹೇಳಿ ಕಳಿಸಿ, ಪಾಂಡವಪುರದ ಕಡೆಯಿಂದ ಒಂದು ಗಂಡು ಕುದುರೆ ತಂದಿದ್ದಾನೆ. ಅದು ಮಧ್ಯಾಹ್ನವಾದರೆ ಯಾರ ಬಾಗಿಲಿಗೆ ಓಡುತ್ತದೋ ನೋಡಬೇಕು.

ಚೆಲುವರಾಜು ಸಂಜೆ ಬಂದು, "ಎಷ್ಟೋಯ್ತು ಭಾವ?" ಎಂದ. ಐವತ್ತು ಎಂದೆ. ಸ್ಟ್ಯಾಂಡಿನಲ್ಲಿ ಎಪ್ಪತ್ತೈದು ಎಂದಿದ್ದೆ. ಮಹದೇವುಗೆ, ಲಾಭವೇ ಆಯಿತು ಕಣಯ್ಯ ಎಂದಿದ್ದೆ.

ಬಸಮ್ಮ ಹುರುಳಿ ನೆನೆಹಾಕುತ್ತ, "ಮೂರು ತಿಂಗಳಿಂದ ಏನ್ ಬರೀತಾ ಇದ್ದೀರಿ, ಓದಿ" ಎಂದಳು. ಅವಳಿಗೆ ಓದು ಬಾರದು. ಬೇಕಾದ್ದು ಓದಿ ಬೇಡದ್ದು ಬಿಡಬಹುದಿತ್ತು. ಎಲ್ಲ ಓದಿದೆ. ಮೊದಲ ಸಾಲಿಗೇ ನಕ್ಕು ಹುರುಳಿ ಚೆಲ್ಲಿದಳು. ನಗುವಾಗ ಸೆರಗು ಜಾರಿತು. ಕಿವಿ ಎರಡೂ ಖಾಲಿ. ಬುಗುಡಿಯ ತೂತು ಮಾತ್ರ ಇತ್ತು.

ನಾನು ಓದುವುದನ್ನು ನಿಲ್ಲಿಸಿದೆ. ಎರಡು ದಿನ ಎದುರಿಗೇ ಓಡಾಡಿದ್ದಾಳೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಆಮ್ಯಾಕೆ?" ಎಂದಳು.

"ಅಷ್ಟೇ. ಮುಗೀತು."

"ಓದಿದ್ದರಲ್ಲಿ ಎಷ್ಟೋಯ್ತು ಅನ್ನೋದು ಎಲ್ಲೂ ಬರ್ಲಿಲ್ವಲ್ಲ. ಅದನ್ನೂ ಬರೀರಿ, ಪುಸ್ತಕ ಅರ್ಧ ಬುಡಬಾರ್ದು" ಎಂದು ಬೋಗುಣಿ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಚಂದ್ರಿ ಕತ್ತಾಡಿಸಿದ ಸದ್ದು ಕೇಳಿತು.

ಮೊದಲ ಸಾಲನ್ನು ತಿದ್ದುವುದಿಲ್ಲ, ಅದು ಹಾಗೇ ಇರಲಿ. ಮಿಕ್ಕದ್ದು ಇಲ್ಲಿ ಬರೆಯುತ್ತೇನೆ. ಚಂದ್ರಿ, ಜಟಕಾ ಮಾರಿದ ಹಣ ಸಾಲದೆ ಗಾಡಿ ಕೊಳ್ಳಲು ಮೇಲೆ ಹಾಕಿದ್ದು, ಆರು ವರ್ಷ ಕೂಡಿಟ್ಟ ಚೀಟಿಯ ಹಣ ಇನ್ನೂರ ಐವತ್ತು. ಪೆಟ್ರೋಲು, ಪ್ಲಗ್ಗು, ಬೆಂದ ಮಲ್ಲಿಗೆ ಸೇರಿ ನೂರ ಹತ್ತು. ಬಸಮ್ಮನ ಬುಗುಡಿ ಇನ್ನೂರು.

ಐನೂರ ಅರವತ್ತು ರೂಪಾಯಿ.